ಗಾಲ್ಫ್ ಕೋರ್ಸ್ ಕಷ್ಟ, ಆದರೆ ಯಾರಿಗೆ?

ಯಾವುದೇ ಗಾಲ್ಫ್ ಕೋರ್ಸಿನ ಸ್ಕೋರ್‌ಕಾರ್ಡ್ ತೆರೆದರೂ ಪ್ರತಿ ಟೀಯ (ಮೊದಲ ಹೊಡೆತ ಹೊಡೆಯುವ ಜಾಗದ) ಹೆಸರಿನ ಪಕ್ಕ ಎರಡು ಅಂಕಿಗಳು ಕಾಣುತ್ತವೆ. ಒಂದು 72.4 ಎಂಬಂತೆ ದಶಮಾಂಶದಲ್ಲಿರುತ್ತದೆ, ಇನ್ನೊಂದು 131 ಎಂಬಂತೆ ಪೂರ್ಣಾಂಕ. ಮೊದಲನೆಯದು ಕೋರ್ಸ್ ರೇಟಿಂಗ್, ಎರಡನೆಯದು ಸ್ಲೋಪ್ ರೇಟಿಂಗ್. ಆಟಗಾರರ ಮಾತಿನಲ್ಲಿ ಹೆಚ್ಚು ಓಡಾಡುವುದು ಎರಡನೆಯದೇ. ಸ್ಲೋಪ್ 140 ಎಂದರೆ ಭಾರಿ ಕೋರ್ಸ್, ಗಟ್ಟಿಗರಿಗೆ ಮಾತ್ರ. 110 ಎಂದರೆ ಸಲೀಸು, ಅಲ್ಲಿ ಆಡಿದ್ದನ್ನು ಹೇಳಿಕೊಳ್ಳಲು ಏನೂ ಇಲ್ಲ. ಹೀಗೆ ಓದುವುದು ಎಷ್ಟು ರೂಢಿಯಾಗಿದೆಯೆಂದರೆ, ಹೊಸ ಕೋರ್ಸ್ ಕಟ್ಟಿಸುವವರೂ ದೊಡ್ಡ ಅಂಕಿಯನ್ನು ಬಿರುದಿನಂತೆ ಬಯಸುತ್ತಾರೆ. ಆದರೆ ಸ್ಲೋಪ್ ಅಳೆಯುವುದು ಕೋರ್ಸಿನ ಕಷ್ಟವನ್ನಲ್ಲ. ನುರಿತ ಆಟಗಾರ ಮತ್ತು ಸಾಧಾರಣ ಆಟಗಾರರ ನಡುವಿನ ಅಂತರವನ್ನು ಆ ಕೋರ್ಸ್ ಎಷ್ಟು ಹಿಗ್ಗಿಸುತ್ತದೆ ಎಂಬುದನ್ನು ಅದು ಅಳೆಯುತ್ತದೆ. ಇದು ಮನಸ್ಸಿಗೆ ಬಂದ ಮೇಲೆ ದೊಡ್ಡ ಸ್ಲೋಪ್ ಹೆಮ್ಮೆಯ ವಿಷಯವಾಗಿ ಉಳಿಯುವುದಿಲ್ಲ. ಆಟದ ಖುಷಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೂ ಬೇರೆಯೇ ಉತ್ತರ ಹುಡುಕಬೇಕಾಗುತ್ತದೆ.

ಈ ಅಂಕಿ ಹುಟ್ಟಿದ್ದು ಒಂದು ಅನ್ಯಾಯವನ್ನು ಸರಿಪಡಿಸುವುದಕ್ಕೆ. ಗಾಲ್ಫ್‌ನಲ್ಲಿ ಹ್ಯಾಂಡಿಕ್ಯಾಪ್ ಎಂದರೆ ಕಡಿಮೆ ಸಾಮರ್ಥ್ಯದವರಿಗೆ ಸಿಗುವ ಹೊಡೆತಗಳ ರಿಯಾಯಿತಿ. ಅದರಿಂದಾಗಿಯೇ 5ರ ಹ್ಯಾಂಡಿಕ್ಯಾಪ್ ಇರುವವರೂ 20ರವರೂ ಒಂದೇ ಪಂದ್ಯದಲ್ಲಿ ಸರಿಸಮವಾಗಿ ಸೆಣಸಬಹುದು. ಬೇರೆ ಆಟಗಳಲ್ಲಿ ಇಂಥ ಏರ್ಪಾಡು ಅಪರೂಪ. ಆದರೆ ಹಿಂದೆ ಕೋರ್ಸಿನ ಕಷ್ಟವನ್ನು ಪರಿಣತರ ಕಣ್ಣಿನಿಂದ ಮಾತ್ರ ಅಳೆಯುತ್ತಿದ್ದರು. ಬಯಲಿನಂಥ ಕೋರ್ಸಿನಲ್ಲಿ ಆಡಿ 18ರ ಹ್ಯಾಂಡಿಕ್ಯಾಪ್ ಪಡೆದವರು ಕೆರೆ, ಮರ, ಪೊದೆಗಳ ಇಕ್ಕಟ್ಟಿನ ಕೋರ್ಸಿಗೆ ಹೋದರೆ ಆ 18 ಸಾಲುತ್ತಿರಲಿಲ್ಲ. ಇಕ್ಕಟ್ಟಿನಲ್ಲಿ ಪಳಗಿ 18 ಪಡೆದವರು ಬಯಲಿಗೆ ಬಂದರೆ ಗೆಲುವು ಅನಾಯಾಸವಾಗುತ್ತಿತ್ತು. ಅಮೆರಿಕದ ನೌಕಾಪಡೆಯ ಅಧಿಕಾರಿ ಡೀನ್ ನತ್ 1970ರ ದಶಕದಲ್ಲಿ ಈ ಲೆಕ್ಕದ ಹಿಂದೆ ಬಿದ್ದರು. ಕೋರ್ಸನ್ನು ಪರಿಣತರ ಜೊತೆಗೆ ಸಾಧಾರಣ ಆಟಗಾರರ ದೃಷ್ಟಿಯಿಂದಲೂ ಅಳೆಯಬೇಕು ಎಂಬ ಅವರ ವಾದವನ್ನು ಅಮೆರಿಕದ ಗಾಲ್ಫ್ ಸಂಸ್ಥೆ ಒಪ್ಪಿತು, 1980ರ ದಶಕದಲ್ಲಿ ಅದು ಅಲ್ಲಿ ಜಾರಿಗೆ ಬಂತು. ಜಗತ್ತಿನಲ್ಲಿ ಬಳಕೆಯಲ್ಲಿದ್ದ ಆರು ಬೇರೆ ಬೇರೆ ಹ್ಯಾಂಡಿಕ್ಯಾಪ್ ಪದ್ಧತಿಗಳನ್ನು 2020ರಲ್ಲಿ ಒಂದುಗೂಡಿಸಿದಾಗ ಸ್ಲೋಪ್ ಎಲ್ಲರ ಅಳತೆಗೋಲಾಯಿತು.

ಅಳತೆಯ ಕೇಂದ್ರದಲ್ಲಿರುವುದು ಇಬ್ಬರು ಕಾಲ್ಪನಿಕ ಆಟಗಾರರು. ಒಬ್ಬರು ‘ಸ್ಕ್ರ್ಯಾಚ್’ ಆಟಗಾರ, ಅಂದರೆ ಸೊನ್ನೆ ಹ್ಯಾಂಡಿಕ್ಯಾಪ್‌ನವರು. ಪುರುಷರಾದರೆ ಟೀಯಿಂದ 250 ಗಜ ಹೊಡೆಯುತ್ತಾರೆ, 470 ಗಜ ದೂರದ ಗ್ರೀನನ್ನು, ಅಂದರೆ ಕುಳಿಯಿರುವ ನುಣುಪು ಹುಲ್ಲಿನ ಜಾಗವನ್ನು, ಎರಡು ಹೊಡೆತದಲ್ಲಿ ಮುಟ್ಟುತ್ತಾರೆ. ಇನ್ನೊಬ್ಬರು ‘ಬೋಗಿ’ ಆಟಗಾರ. ಪುರುಷರಲ್ಲಿ ಸುಮಾರು 20, ಮಹಿಳೆಯರಲ್ಲಿ ಸುಮಾರು 24 ಹ್ಯಾಂಡಿಕ್ಯಾಪ್‌ನವರು. ಬೋಗಿ ಪುರುಷ ಟೀಯಿಂದ 200 ಗಜ, ಎರಡು ಹೊಡೆತದಲ್ಲಿ 370 ಗಜ ಸಾಗಬಲ್ಲರು. ರೇಟಿಂಗ್ ತಂಡ ಕೋರ್ಸಿಗೆ ಬಂದು ಒಂದೊಂದು ಹೋಲ್‌ನಲ್ಲೂ ಇವರಿಬ್ಬರ ಚೆಂಡು ಎಲ್ಲೆಲ್ಲಿ ಬೀಳಬಹುದೆಂದು ಗುರುತಿಸಿ, ಆಯಾ ಜಾಗದಲ್ಲಿ ಫೇರ್‌ವೇ ಎಂಬ ಕತ್ತರಿಸಿದ ಹುಲ್ಲಿನ ಹಾದಿ ಎಷ್ಟು ಅಗಲ, ನೀರು ಎಷ್ಟು ಹತ್ತಿರ, ಮರಗಳು ಎಷ್ಟು ದಟ್ಟ, ಬಂಕರ್ ಎಂಬ ಮರಳುಗುಂಡಿ ಎಷ್ಟು ಆಳ, ಗ್ರೀನ್ ಎಷ್ಟು ಚಿಕ್ಕದು, ಅದರ ಮೇಲೆ ಚೆಂಡು ಎಷ್ಟು ವೇಗವಾಗಿ ಉರುಳುತ್ತದೆ ಎಂದು ಹತ್ತು ಬಗೆಯ ಅಡ್ಡಿಗಳಿಗೆ ಅಂಕ ಕೊಡುತ್ತದೆ. ಒಂದೇ ಹೋಲ್‌ಗೆ ಇಬ್ಬರ ಹೆಸರಿನಲ್ಲೂ ಪ್ರತ್ಯೇಕ ಲೆಕ್ಕ. ಸ್ಕ್ರ್ಯಾಚ್ ಆಟಗಾರರು ಚೆನ್ನಾಗಿ ಆಡಿದ ದಿನ ಎಷ್ಟು ಹೊಡೆತದಲ್ಲಿ ಮುಗಿಸಬಹುದೋ ಅದು ಕೋರ್ಸ್ ರೇಟಿಂಗ್. ಬೋಗಿ ಆಟಗಾರರದು ಬೋಗಿ ರೇಟಿಂಗ್. ಎರಡರ ವ್ಯತ್ಯಾಸವನ್ನು ಪುರುಷರಿಗೆ 5.381ರಿಂದ, ಮಹಿಳೆಯರಿಗೆ 4.24ರಿಂದ ಗುಣಿಸಿದರೆ ಬರುವುದೇ ಸ್ಲೋಪ್. ಕನಿಷ್ಠ 55, ಗರಿಷ್ಠ 155. ನಡುವಿನ 113ನ್ನು ಪ್ರಮಾಣವೆಂದು ಇಟ್ಟುಕೊಂಡಿದ್ದಾರೆ.

ಈ 113 ಎಲ್ಲಿಂದ ಬಂತೆಂದು ನೋಡಿದರೆ ಇಡೀ ಪದ್ಧತಿಯ ಒಳಗುಟ್ಟು ತಿಳಿಯುತ್ತದೆ. ಪುರುಷರ ಲೆಕ್ಕದಲ್ಲಿ ಕೋರ್ಸ್ 220 ಗಜ ಉದ್ದವಾದರೆ ಸ್ಕ್ರ್ಯಾಚ್ ಆಟಗಾರರಿಗೆ ಒಂದು ಹೊಡೆತ ಹೆಚ್ಚುತ್ತದೆ. ಬೋಗಿ ಆಟಗಾರರಿಗೆ 160 ಗಜಕ್ಕೇ ಒಂದು ಹೊಡೆತ. ಹೇಳಿಕೊಳ್ಳುವಂಥ ಅಡ್ಡಿಗಳಿಲ್ಲದ 6600 ಗಜದ ಕೋರ್ಸಿನಲ್ಲಿ ಮೊದಲಿನವರ ನಿರೀಕ್ಷೆ ಸುಮಾರು 71, ಎರಡನೆಯವರದು ಸುಮಾರು 92. ವ್ಯತ್ಯಾಸ 21 ಹೊಡೆತ, ಸ್ಲೋಪ್ 113. ಅದೇ ಕೋರ್ಸನ್ನು 600 ಗಜ ಎಳೆದು 7200 ಮಾಡಿದರೂ ಸ್ಲೋಪ್ ಏರುವುದು ಐದಾರು ಅಂಕ ಮಾತ್ರ, 119ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಂದರೆ ಸ್ಲೋಪನ್ನು 140ಕ್ಕೆ ಒಯ್ಯುವುದು ಉದ್ದವಲ್ಲ. ಒಬ್ಬರಿಗೆ ಕಣ್ಣಿಗೂ ಬೀಳದೆ ಇನ್ನೊಬ್ಬರನ್ನು ಮುಳುಗಿಸುವ ಅಡ್ಡಿಗಳು ಆ ಕೆಲಸ ಮಾಡುತ್ತವೆ. ಟೀಯ ಮುಂದೆ 180 ಗಜ ಕೆರೆಯಿದೆ ಎನ್ನೋಣ. 250 ಗಜ ಹೊಡೆಯುವವರಿಗೆ ಅದು ನೋಟಕ್ಕೆ ಚೆಂದ, ಆಟಕ್ಕೆ ಇಲ್ಲವೆಂದೇ ಲೆಕ್ಕ. ಉರುಳುವುದೂ ಸೇರಿ 200 ಗಜ ಸಾಗುವವರಿಗೆ ಅದೇ ಕೆರೆ ದಿನದ ಆಟವನ್ನೇ ಕೆಡಿಸಬಲ್ಲದು. ಎರಡೂ ಬದಿ ದಟ್ಟ ಮರಗಳಿರುವ ಇಕ್ಕಟ್ಟಿನ ಫೇರ್‌ವೇ, ಬಿದ್ದ ಚೆಂಡು ಸಿಗದ ಕುರುಚಲು, ಎದುರಿನಿಂದ ಉರುಳಿಸಿ ತಲುಪಲಾಗದಂತೆ ಬಂಕರ್‌ಗಳಿಂದ ಮುಚ್ಚಿದ ಗ್ರೀನ್, ಇವೆಲ್ಲ ಅದೇ ಜಾತಿಯವು.

ಸ್ಲೋಪ್ ಕಷ್ಟದ ಅಳತೆಯಲ್ಲ ಎಂಬುದಕ್ಕೆ ಇನ್ನೂ ನೇರವಾದ ಸಾಕ್ಷಿ ಬೇಕಿದ್ದರೆ ಎರಡು ಕೋರ್ಸ್‌ಗಳನ್ನು ಊಹಿಸಿಕೊಳ್ಳಿ, ಎರಡರ ಪಾರ್ (ನಿಗದಿತ ಹೊಡೆತಗಳ ಲೆಕ್ಕ) ಕೂಡ 72. ಮೊದಲನೆಯದರ ರೇಟಿಂಗ್ 75, ಸ್ಲೋಪ್ 120. ಎರಡನೆಯದರ ರೇಟಿಂಗ್ 70, ಸ್ಲೋಪ್ 140. ಸ್ಲೋಪ್ ಮಾತ್ರ ನೋಡಿದವರು ಎರಡನೆಯದೇ ಕಠಿಣ ಎನ್ನುತ್ತಾರೆ. ಆದರೆ 120ನ್ನು 5.381ರಿಂದ ಭಾಗಿಸಿ 75ಕ್ಕೆ ಕೂಡಿಸಿದರೆ ಬೋಗಿ ಆಟಗಾರರ ನಿರೀಕ್ಷೆ 97ಕ್ಕೂ ತುಸು ಹೆಚ್ಚು ಬರುತ್ತದೆ. ಎರಡನೆಯದರಲ್ಲಿ ಬರುವುದು 96. ದೊಡ್ಡ ಸ್ಲೋಪ್ ಇರುವ ಕೋರ್ಸಿನಲ್ಲಿ ಪರಿಣತರೂ ಸಾಧಾರಣ ಆಟಗಾರರೂ ಇಬ್ಬರೂ ಕಡಿಮೆ ಹೊಡೆತದಲ್ಲಿ ಮುಗಿಸುತ್ತಾರೆ! ವ್ಯತ್ಯಾಸವಿಷ್ಟೇ: ಪರಿಣತರಿಗೆ ಅದು ಐದು ಹೊಡೆತ ಸಲೀಸು, ಉಳಿದವರಿಗೆ ಒಂದೇ ಒಂದು. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲೂ ಇದನ್ನು ಕಾಣುತ್ತೇವೆ. ಒಂದು ಪತ್ರಿಕೆ ಎಲ್ಲರ ಅಂಕವನ್ನೂ ಒಂದಿಷ್ಟು ಇಳಿಸುತ್ತದೆ. ಇನ್ನೊಂದು ಮೊದಲ ಬೆಂಚಿನವರನ್ನು ಮುಟ್ಟದೆ ನಡುಬೆಂಚಿನವರನ್ನು ಮಾತ್ರ ಫೇಲು ಮಾಡುತ್ತದೆ. ಎರಡನೆಯ ಬಗೆಯ ಪತ್ರಿಕೆಯನ್ನು ಒಳ್ಳೆಯ ಮೇಷ್ಟ್ರು ಹೆಮ್ಮೆಯಿಂದ ತೋರಿಸುವುದಿಲ್ಲ.

ಅಳತೆಗೆ ಇನ್ನೊಂದು ಮಿತಿಯಿದೆ. ರೇಟಿಂಗ್ ತಂಡ ಕೋರ್ಸಿನ ಸಾಮಾನ್ಯ ಸ್ಥಿತಿಯನ್ನು ಗಣನೆಗೆ ತೆಗೆದುಕೊಳ್ಳುತ್ತದೆ. ಗಾಳಿ, ನೆಲದ ಏರಿಳಿತ, ಚೆಂಡು ಉರುಳುವ ಬಗೆ, ಸಮುದ್ರಮಟ್ಟದಿಂದ ಎತ್ತರ ಇವಕ್ಕೆಲ್ಲ ತಿದ್ದುಪಡಿ ಇದೆ. ಎತ್ತರದ ತಿದ್ದುಪಡಿ ಅನ್ವಯವಾಗುವುದು 2000 ಅಡಿಯಿಂದ ಮೇಲಕ್ಕೆ, ಹೀಗಾಗಿ ಸುಮಾರು 3000 ಅಡಿ ಎತ್ತರದ ಬೆಂಗಳೂರು ಅದರ ವ್ಯಾಪ್ತಿಗೆ ಬರುತ್ತದೆ. ಇಲ್ಲಿನ ತೆಳುಗಾಳಿಯಲ್ಲಿ ಚೆಂಡು ಕರಾವಳಿಗಿಂತ ತುಸು ದೂರ ಹಾರುವುದರಿಂದ ಸ್ಕೋರ್‌ಕಾರ್ಡಿನ ಗಜಗಳು ಲೆಕ್ಕಕ್ಕೆ ಬರುವಾಗ ಸ್ವಲ್ಪ ಕುಗ್ಗುತ್ತವೆ. ಆದರೆ ಕಾರ್ಡಿನ ಮೇಲೆ ಅಚ್ಚಾದ ಅಂಕಿ ಋತುವಿನೊಂದಿಗೆ ಬದಲಾಗದು. ಬೇಸಿಗೆಯಲ್ಲಿ ಗಟ್ಟಿ ನೆಲದ ಮೇಲೆ ಬಿದ್ದ ಚೆಂಡು ಮೂವತ್ತು ಗಜ ಉರುಳಿದರೆ, ಜುಲೈ ತಿಂಗಳ ಮಲೆನಾಡಿನಲ್ಲಿ ಬಿದ್ದಲ್ಲೇ ಹುದುಗುತ್ತದೆ. ಫೇರ್‌ವೇಯ ಆಚೆಗಿನ ರಫ್‌ನ ಹುಲ್ಲು ಬೇಗನೆ ಎತ್ತರಕ್ಕೆ ಬೆಳೆಯುತ್ತದೆ. ಮಳೆಗಾಲದಲ್ಲಿ ಕಾರ್ಡನ್ನು ನಂಬಿ ಹಿಂದಿನ ಟೀಯಿಂದ ಆಡುವವರು ತಮಗೆ ತಾವೇ ಶಿಕ್ಷೆ ಕೊಟ್ಟುಕೊಂಡಂತೆ.

ಹಾಗಾದರೆ ಕೋರ್ಸ್ ಖುಷಿ ಕೊಡುವುದು ಯಾವುದರಿಂದ? ನನ್ನ ಉತ್ತರ: ಪ್ರತಿ ಹೊಡೆತಕ್ಕೂ ಮುನ್ನ ಆಟಗಾರರಿಗೆ ನಿಜವಾದ ಆಯ್ಕೆ ಇರಬೇಕು, ಮತ್ತು ತಪ್ಪಿದ ಹೊಡೆತದ ನಂತರವೂ ಆಡಲು ಇನ್ನೊಂದು ಹೊಡೆತ ಉಳಿದಿರಬೇಕು. ಇದು ಹೊಸ ಮಾತೇನಲ್ಲ. ವೈದ್ಯರಾಗಿದ್ದು ಆಮೇಲೆ ಕೋರ್ಸ್ ವಿನ್ಯಾಸಕ್ಕೆ ಬಂದ ಅಲಿಸ್ಟರ್ ಮೆಕೆಂಜಿ 1920ರಲ್ಲಿ ಪ್ರಕಟಿಸಿದ ‘ಗಾಲ್ಫ್ ಆರ್ಕಿಟೆಕ್ಚರ್’ ಎಂಬ ಪುಟ್ಟ ಪುಸ್ತಕದಲ್ಲಿ ಆದರ್ಶ ಕೋರ್ಸಿನ ಲಕ್ಷಣಗಳನ್ನು ಪಟ್ಟಿ ಮಾಡಿದ್ದರು. ಕಳೆದ ಚೆಂಡು ಹುಡುಕುವ ಕಿರಿಕಿರಿ ಇರಬಾರದು, ದುರ್ಬಲ ಆಟಗಾರರಿಗೆ ಒಂದು ಹೊಡೆತ ಹೆಚ್ಚಾದರೂ ಸುತ್ತಿ ಹೋಗುವ ದಾರಿ ಇರಬೇಕು ಎಂಬ ಅಂಶಗಳು ಅದರಲ್ಲಿದ್ದವು. ಅವರ ಕಣ್ಣಮುಂದಿದ್ದ ಮಾದರಿ ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್‌ನ ಓಲ್ಡ್ ಕೋರ್ಸ್. ಅಲ್ಲಿ ಮೊದಲ ಮತ್ತು ಹದಿನೆಂಟನೆಯ ಹೋಲ್‌ಗಳು ಒಂದೇ ವಿಶಾಲ ಬಯಲನ್ನು ಹಂಚಿಕೊಂಡಿವೆ, ಏಳು ಗ್ರೀನ್‌ಗಳಲ್ಲಿ ಒಂದೊಂದಕ್ಕೂ ಎರಡೆರಡು ಹೋಲ್‌ಗಳು. ಮರಗಳ ಕಾಟವಿಲ್ಲ. ಮೊದಲ ಸಲ ಆಡುವವರಿಗೂ ಚೆಂಡು ಕಳೆದುಕೊಳ್ಳುವುದು ಕಷ್ಟವೇ. ಆದರೆ ಆ ಬಯಲಿನಲ್ಲಿ 112 ಬಂಕರ್‌ಗಳು ಅಡಗಿವೆ, ನೆಲದ ಉಬ್ಬುತಗ್ಗು ಚೆಂಡನ್ನು ಎತ್ತಲೋ ಕರೆದೊಯ್ಯುತ್ತದೆ. ಎಡಕ್ಕೆ ಹೊಡೆದರೆ ಸುರಕ್ಷಿತ, ಆದರೆ ಗ್ರೀನಿಗೆ ಮುಂದಿನ ಹೊಡೆತದ ಕೋನ ಕೆಡುತ್ತದೆ; ಬಲಕ್ಕೆ ಹೊಡೆದರೆ ಅಪಾಯ, ಗೆದ್ದರೆ ಗ್ರೀನ್ ತೆರೆದುಕೊಳ್ಳುತ್ತದೆ. 2000ದ ಬ್ರಿಟಿಷ್ ಓಪನ್‌ನಲ್ಲಿ ಟೈಗರ್ ವುಡ್ಸ್ ಇಲ್ಲಿ ನಾಲ್ಕು ದಿನ ಆಡಿ ಒಂದೇ ಒಂದು ಬಂಕರಿಗೂ ಬೀಳದೆ ಪಾರ್‌ಗಿಂತ 19 ಕಡಿಮೆಯಲ್ಲಿ ಗೆದ್ದರು. ಅವರ ಹೊಡೆತಗಳ ಬಲದಷ್ಟೇ, ಎಲ್ಲಿ ಹೊಡೆಯಬಾರದು ಎಂದು ಅವರು ಮಾಡಿದ ಆಯ್ಕೆಯೂ ಅಲ್ಲಿ ಗೆದ್ದಿತು.

ಇಂಥ ಕೋರ್ಸಿನ ರುಚಿ ಒಂದೇ ದಿನಕ್ಕೆ ಹತ್ತುವುದಿಲ್ಲ ಎಂಬುದಕ್ಕೆ ಅಮೆರಿಕದ ಆಟಗಾರ ಬಾಬಿ ಜೋನ್ಸ್ ಸಾಕ್ಷಿಯಾಗಿದ್ದಾರೆ. 1921ರ ಬ್ರಿಟಿಷ್ ಓಪನ್‌ನಲ್ಲಿ ಹತ್ತೊಂಬತ್ತರ ತರುಣ ಜೋನ್ಸ್ ಇದೇ ಓಲ್ಡ್ ಕೋರ್ಸಿನ ಹನ್ನೊಂದನೆಯ ಹೋಲ್‌ನಲ್ಲಿ ಬೇಸತ್ತು ಪಂದ್ಯವನ್ನೇ ಬಿಟ್ಟುಕೊಟ್ಟರು. 1927ರಲ್ಲಿ ಅಲ್ಲೇ ಓಪನ್ ಗೆದ್ದರು, 1930ರಲ್ಲಿ ಅಲ್ಲೇ ಬ್ರಿಟಿಷ್ ಅಮೆಚೂರ್ ಪ್ರಶಸ್ತಿ ಪಡೆದರು. ಮುಂದೆ ಅಮೆರಿಕದಲ್ಲಿ ಅಗಸ್ಟಾ ನ್ಯಾಷನಲ್ ಕೋರ್ಸ್ ಕಟ್ಟುವಾಗ ಜೊತೆಗಾರರಾಗಿ ಆರಿಸಿಕೊಂಡದ್ದು ಓಲ್ಡ್ ಕೋರ್ಸಿನ ಪರಮ ಆರಾಧಕ ಮೆಕೆಂಜಿಯವರನ್ನು. ಅರ್ಥವಾಗದಿದ್ದಾಗ ಸಿಟ್ಟು ಬರಿಸಿದ ಕೋರ್ಸ್ ಅರ್ಥವಾಗುತ್ತ ಹೋದಂತೆ ಅವರನ್ನು ಹಿಡಿದಿಟ್ಟುಕೊಂಡಿತು. ಅಲ್ಲಿ ಮತ್ತೆ ಮತ್ತೆ ಕಲಿಯಲು ಏನಾದರೂ ಇತ್ತು ಎಂಬುದೇ ಇದಕ್ಕೆ ಕಾರಣವೆಂದು ನನ್ನ ನಂಬಿಕೆ. ನೀರಿಗೆ ಬಿದ್ದ ಚೆಂಡು ಯಾರಿಗೂ ಹೆಚ್ಚೇನೂ ಕಲಿಸುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅಗಲ ಕೊಟ್ಟು, ರಫ್ ತೆಗೆದು, ಚೆಂಡು ಕಳೆಯದಂತೆ ಮಾಡಿದರೆ ಆಟ ಸಪ್ಪೆಯಾಗುವುದಿಲ್ಲವೇ? ಗಾಲ್ಫಿನ ಸೊಗಸೇ ಅದರ ಕಷ್ಟದಲ್ಲಿದೆ, ಅದನ್ನು ಕಿತ್ತರೆ ಉಳಿಯುವುದೇನು? ಕಷ್ಟ ಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಅಗಲ ಬಂದರೆ ಕಷ್ಟ ಹೋಗುತ್ತದೆ ಎಂಬ ಊಹೆಯನ್ನು ಅಮೆರಿಕದ ನಾರ್ತ್ ಕ್ಯಾರೊಲಿನಾದ ಪೈನ್‌ಹರ್ಸ್ಟ್ ನಂಬರ್ 2 ಸುಳ್ಳು ಮಾಡಿದೆ. ಡೊನಾಲ್ಡ್ ರಾಸ್ 1907ರಲ್ಲಿ ರೂಪಿಸಿದ ಈ ಕೋರ್ಸ್ ಕಾಲಕ್ರಮದಲ್ಲಿ ದಟ್ಟ ರಫ್‌ನಿಂದ ತುಂಬಿ ಇಕ್ಕಟ್ಟಾಗಿತ್ತು. ವಿನ್ಯಾಸಕಾರರಾದ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ 2010-11ರಲ್ಲಿ ಹತ್ತಾರು ಎಕರೆ ಹುಲ್ಲನ್ನು ಕಿತ್ತು, ಫೇರ್‌ವೇಗಳನ್ನು ಅಗಲಿಸಿ, ಬದಿಗಳಲ್ಲಿ ಮೊದಲಿದ್ದ ಮರಳನ್ನೂ ಕಾಡುಹುಲ್ಲಿನ ಗುಪ್ಪೆಗಳನ್ನೂ ಮರಳಿ ತಂದರು. 2014ರಲ್ಲಿ ಪುರುಷರ ಯುಎಸ್ ಓಪನ್ ಮತ್ತು ಮಹಿಳೆಯರ ಯುಎಸ್ ಓಪನ್ ಎರಡೂ ಬೆನ್ನುಬೆನ್ನಿಗೆ ಎರಡು ವಾರ ಅಲ್ಲೇ ನಡೆದವು. ಯುಎಸ್ ಓಪನ್ ಎಂದರೆ ಮೊಣಕಾಲುದ್ದದ ರಫ್ ಎಂದೇ ತಿಳಿದಿದ್ದ ಕಾಲ. ಆ ರಫ್ ಇಲ್ಲದೆಯೂ ಪುರುಷರಲ್ಲಿ ಪಾರ್‌ಗಿಂತ ಕಡಿಮೆ ಹೊಡೆತದಲ್ಲಿ ಮುಗಿಸಿದವರು ಮೂವರೇ. ಮಹಿಳೆಯರಲ್ಲಿ ಗೆದ್ದ ಮಿಶೆಲ್ ವೀ ಒಬ್ಬರೇ, ಅದೂ ಎರಡೇ ಹೊಡೆತ ಕಡಿಮೆ. ಅಲ್ಲಿನ ಕಷ್ಟವೆಲ್ಲ ಗ್ರೀನ್‌ಗಳಲ್ಲಿದೆ. ಕವುಚಿಟ್ಟ ತಟ್ಟೆಯಂಥ ಆ ಗ್ರೀನ್‌ಗಳ ಅಂಚಿಗೆ ಬಿದ್ದ ಚೆಂಡು ನಿಲ್ಲದೆ ಕೆಳಗಿನ ತಗ್ಗಿಗೆ ಜಾರುತ್ತದೆ. ಆದರೆ ತಗ್ಗಿನಿಂದ ಆಟ ಮುಂದುವರಿಯುತ್ತದೆ. ಪಟ್ಟರ್‌ನಿಂದ ಉರುಳಿಸಬಹುದು, ಎತ್ತಿ ಹಾಕಬಹುದು, ದಿಬ್ಬಕ್ಕೆ ತಾಗಿಸಿ ಹತ್ತಿಸಬಹುದು. ಜಗತ್ತಿನ ಶ್ರೇಷ್ಠರಿಗೂ ಅದು ಒಗಟು. 20ರ ಹ್ಯಾಂಡಿಕ್ಯಾಪ್‌ನವರು ಅದೇ ತಗ್ಗಿನಿಂದ ಒಂದೆರಡು ಹೊಡೆತ ಹೆಚ್ಚು ತೆಗೆದುಕೊಂಡರೂ ಅದೇ ಚೆಂಡಿನಲ್ಲೇ ಆ ಹೋಲ್ ಮುಗಿಸುತ್ತಾರೆ.

ಇನ್ನೂ ಗಟ್ಟಿಯಾದ ಆಕ್ಷೇಪ ಫ್ಲಾರಿಡಾದಲ್ಲಿದೆ. ಅಲ್ಲಿನ ಟಿಪಿಸಿ ಸಾಗ್ರಾಸ್‌ನ ಹದಿನೇಳನೆಯ ಹೋಲ್ ನೀರಿನ ನಡುವೆ ಕುಳಿತ ಗ್ರೀನ್. ಸುತ್ತಿ ಹೋಗುವ ದಾರಿಯಿಲ್ಲ, ಉರುಳಿಸುವಂತಿಲ್ಲ; ಗ್ರೀನ್ ಮೇಲೆ ಬೀಳಬೇಕು, ಇಲ್ಲವೇ ನೀರಿಗೆ. ನಾನು ಹೇಳುವ ಆಯ್ಕೆ ಅಲ್ಲಿ ಲವಲೇಶವೂ ಇಲ್ಲ, ಆದರೂ ಜನ ದೂರದೂರದಿಂದ ಬಂದು ಅಲ್ಲಿ ಆಡಲು ಹಾತೊರೆಯುತ್ತಾರೆ. ಇದನ್ನು ತಳ್ಳಿಹಾಕಲಾಗದು. ಆದರೆ ಆ ಹೋಲ್‌ನ ಉದ್ದ ಹಿಂದಿನ ಟೀಯಿಂದಲೇ 137 ಗಜ. 250 ಗಜ ಹೊಡೆಯುವವರೂ 200 ಗಜ ಹೊಡೆಯುವವರೂ ಇಬ್ಬರೂ ಅಲ್ಲಿ ಕೈಗೆತ್ತಿಕೊಳ್ಳುವುದು ಐರನ್. ನೀರು ಇಬ್ಬರನ್ನೂ ಒಂದೇ ರೀತಿ ಹೆದರಿಸುತ್ತದೆ, ಇಬ್ಬರಿಗೂ ದಾಟುವ ಶಕ್ತಿಯಿದೆ. ಸುತ್ತಿನ ಕೊನೆಯಲ್ಲಿ ಒಮ್ಮೆ ಎದುರಾಗುವ ಆ ಎದೆಬಡಿತ ಸವಿಯಾಗುವುದು ಅದಕ್ಕೇ. ಅದನ್ನು ಅನುಕರಿಸಿ ಹದಿನೆಂಟರಲ್ಲಿ ಎಂಟು ಹೋಲ್‌ಗಳಿಗೆ ಕೆರೆ ತೋಡಿ, ಒಂದೊಂದನ್ನೂ 180 ಗಜ ಅಗಲ ಮಾಡಿದರೆ ಆ ಸವಿ ಬರುವುದಿಲ್ಲ. ನಮ್ಮ ದೇಶದಲ್ಲಿ ವಿಲ್ಲಾಗಳ ಬಡಾವಣೆಯ ಜೊತೆಗೆ ಕೋರ್ಸ್ ಕಟ್ಟುವಾಗ ಈ ಅಪಾಯ ಹೆಚ್ಚು. ಮನೆಯ ಬಾಲ್ಕನಿಯಿಂದ ನೋಡಲು ನೀರು ಚೆಂದ, ಆದರೆ ಆಡುವವರು ಬಾಲ್ಕನಿಯಲ್ಲಿ ಕೂತಿರುವುದಿಲ್ಲ.

ಓಕ್‌ಮಾಂಟ್ ಮಾತೂ ಬರುತ್ತದೆ. ಪಿಟ್ಸ್‌ಬರ್ಗ್ ಬಳಿಯ ಈ ಕೋರ್ಸನ್ನು ಕಟ್ಟಿದ ಹೆನ್ರಿ ಫೌನ್ಸ್ ಅದು ಕಠೋರವಾಗಿಯೇ ಇರಬೇಕೆಂದು ಬಯಸಿದ್ದರು, 2025ರ ಯುಎಸ್ ಓಪನ್‌ನಲ್ಲೂ ಅಲ್ಲಿ ಪಾರ್‌ಗಿಂತ ಕಡಿಮೆಯಲ್ಲಿ ಮುಗಿಸಿದ್ದು ಗೆದ್ದ ಜೆ. ಜೆ. ಸ್ಪಾನ್ ಒಬ್ಬರೇ. ಇಷ್ಟು ನಿರ್ದಯ ಕೋರ್ಸನ್ನು ಜಗತ್ತು ತಲೆಯ ಮೇಲೆ ಹೊತ್ತುಕೊಂಡಿದೆಯಲ್ಲ ಎಂದು ಕೇಳಬಹುದು. ಅಂಥ ಕೋರ್ಸ್‌ಗಳು ಇರಲಿ. ಚಾಂಪಿಯನ್‌ಗಳನ್ನು ಒರೆಗೆ ಹಚ್ಚಲು ಬೇಕು. ಆದರೆ ದೊಡ್ಡ ಪಂದ್ಯಕ್ಕೆಂದು ಕಟ್ಟಿದ್ದು ಭಾನುವಾರದ ಆಟಕ್ಕೆ ಮಾದರಿಯಾಗಬೇಕಿಲ್ಲ.

ಖುಷಿ ಅವರವರ ಇಷ್ಟ, ಅದಕ್ಕೆ ಅಳತೆ ಎಲ್ಲಿ ಎಂಬ ಮಾತನ್ನು ಅರ್ಧ ಒಪ್ಪುತ್ತೇನೆ. ಖುಷಿಯನ್ನು ಅಳೆಯಲಾಗದು, ಆದರೆ ಅದನ್ನು ಕೊಲ್ಲುವ ಸಂಗತಿಗಳನ್ನು ಎಣಿಸಬಹುದು. ಚೆಂಡು ಹುಡುಕಲು ನಿಯಮ ಕೊಡುವ ಸಮಯ 2019ರಿಂದ ಮೂರು ನಿಮಿಷ, ಮೊದಲು ಐದಿತ್ತು. ನಾಲ್ವರ ಗುಂಪಿನಲ್ಲಿ ಒಬ್ಬೊಬ್ಬರೂ ಎರಡು ಸಲ ಹುಡುಕಿದರೂ ಸುತ್ತಿಗೆ ಇಪ್ಪತ್ತನಾಲ್ಕು ನಿಮಿಷ ಪೊದೆಯಲ್ಲಿ ಕಳೆಯುತ್ತದೆ. ಹಿಂದೆ ಬರುವ ಗುಂಪುಗಳೂ ಕಾಯುತ್ತವೆ. ಉದ್ದದ ಲೆಕ್ಕ ಇದಕ್ಕಿಂತ ಕಣ್ಣು ತೆರೆಸುವಂಥದ್ದು. ರೇಟಿಂಗ್ ಪದ್ಧತಿಯ ಪ್ರಕಾರ ಬೋಗಿ ಮಹಿಳೆ ಟೀಯಿಂದ 150 ಗಜ, ಎರಡು ಹೊಡೆತದಲ್ಲಿ 280 ಗಜ ಸಾಗುತ್ತಾರೆ. ಸ್ಕ್ರ್ಯಾಚ್ ಪುರುಷರ 470ರ ಪಕ್ಕ ಈ 280 ಇಟ್ಟು ಅದೇ ಅನುಪಾತ ಹಿಡಿದರೆ, ಅವರು 6800 ಗಜದ ಕೋರ್ಸ್ ಆಡುವಾಗ ಇವರಿಗೆ ಸರಿಸಮವಾದ ಕೋರ್ಸ್ ಸುಮಾರು 4050 ಗಜದ್ದು. ಬೋಗಿ ಪುರುಷರಿಗೆ ಸುಮಾರು 5350. ಆದರೆ ಬಹಳಷ್ಟು ಕೋರ್ಸ್‌ಗಳಲ್ಲಿ ಎಲ್ಲಕ್ಕಿಂತ ಮುಂದಿನ ಟೀಯೇ 5000 ಗಜ ದಾಟಿರುತ್ತದೆ. ಅಂಥಲ್ಲಿ ಬೋಗಿ ಮಹಿಳೆ ಎಷ್ಟೇ ಚೆನ್ನಾಗಿ ಹೊಡೆದರೂ ಗ್ರೀನ್ ಹೊಡೆತದ ಅಳವಿಗೆ ಸಿಗುವುದಿಲ್ಲ, ಬಂಕರ್‌ಗಳನ್ನು ಎಲ್ಲಿಟ್ಟರು, ಏಕಿಟ್ಟರು ಎಂಬ ಯೋಚನೆಗೆ ಅವಕಾಶವೇ ಬರುವುದಿಲ್ಲ. ಉದ್ದ ಹೊಡೆಯದವರಿಗೆ ಆಟ ಗೊತ್ತಿಲ್ಲವೆಂದು ಯಾರೂ ಹೇಳಲಾರರು. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದಾಗ, ಟೀಯಿಂದ ಅತಿ ಕಡಿಮೆ ದೂರ ಹೊಡೆಯುತ್ತಿದ್ದವರಲ್ಲಿ ಅವರೂ ಒಬ್ಬರು. ಗ್ರೀನ್‌ಗಳ ಮೇಲೆ ಅವರು ತೋರಿದ ಕೈಚಳಕವನ್ನು ದೇಶವೇ ನಸುಕಿನಲ್ಲೆದ್ದು ನೋಡಿತು. ಆ ಬಗೆಯ ಕೌಶಲಕ್ಕೆ ಜಾಗವಿರಬೇಕಾದರೆ ಗ್ರೀನಿಗೆ ತಲುಪುವ ದಾರಿ ಮೊದಲು ತೆರೆದಿರಬೇಕು. ಅಮೆರಿಕದ ಗಾಲ್ಫ್ ಸಂಸ್ಥೆಗಳು 2011ರಲ್ಲಿ ‘ಟೀ ಇಟ್ ಫಾರ್ವರ್ಡ್’ ಎಂಬ ಅಭಿಯಾನ ನಡೆಸಿ, ನಿಮ್ಮ ಹೊಡೆತದ ಉದ್ದಕ್ಕೆ ತಕ್ಕ ಟೀ ಆರಿಸಿಕೊಳ್ಳಿ ಎಂದು ಕೇಳಿಕೊಂಡವು. ಮುಂದಿನ ಟೀ ಎಂದರೆ ಅವಮಾನ ಎಂಬ ಭಾವನೆ ನಮ್ಮಲ್ಲಿ ಇನ್ನೂ ಬಲವಾಗಿದೆ, ಕ್ಲಬ್‌ಗಳೇ ಅದನ್ನು ಹೋಗಲಾಡಿಸಬೇಕು.

1876ರಿಂದ ಗಾಲ್ಫ್ ಕ್ಲಬ್ ಇರುವ ಊರು ಬೆಂಗಳೂರು. ಇಲ್ಲಿನ ಕ್ಲಬ್‌ಗಳೂ, ಇನ್ನುಳಿದವುಗಳೂ ಹೆಚ್ಚು ಖರ್ಚಿಲ್ಲದೆ ಮಾಡಬಹುದಾದದ್ದು ಒಂದಿದೆ. ಕೋರ್ಸ್ ರೇಟಿಂಗ್ ಮತ್ತು ಸ್ಲೋಪ್ ಪಕ್ಕದಲ್ಲಿ ಬೋಗಿ ರೇಟಿಂಗನ್ನೂ ಕಾರ್ಡಿನಲ್ಲಿ ಅಚ್ಚು ಹಾಕಲಿ. ಆ ಅಂಕಿ ಲೆಕ್ಕದೊಳಗೆ ಈಗಾಗಲೇ ಇದೆ. ಇಲ್ಲದಿದ್ದರೂ ಸ್ಲೋಪನ್ನು ಪುರುಷರಿಗೆ 5.381ರಿಂದ, ಮಹಿಳೆಯರಿಗೆ 4.24ರಿಂದ ಭಾಗಿಸಿ ಕೋರ್ಸ್ ರೇಟಿಂಗಿಗೆ ಕೂಡಿಸಿದರೆ ಯಾರು ಬೇಕಾದರೂ ತೆಗೆಯಬಹುದು. ಇಂದು ಈ ಟೀಯಿಂದ ಆಡಿದರೆ ನನ್ನಂಥವರಿಗೆ ತೊಂಬತ್ತೆರಡೋ ನೂರೆರಡೋ ಎಂಬುದು ಮೊದಲೇ ಕಣ್ಣಿಗೆ ಬಿದ್ದರೆ, ಯಾವ ಟೀಗೆ ಹೋಗಬೇಕೆಂಬ ನಿರ್ಧಾರ ಬೇರೆಯದೇ ಆಗುತ್ತದೆ.